ಬೇಲೂರಿನ ಕಪ್ಪೆ ಚೆನ್ನಿಗರಾಯ: ಕಪ್ಪೆ ಬಂದದ್ದು ಕಲ್ಲಿನಿಂದಲೋ, ಕಸುಬಿನಿಂದಲೋ?

ಯಗಚಿ ತೀರದವಳು:

ಹೋದ ಭಾನುವಾರ ಮಗನನ್ನು ಕರೆದುಕೊಂಡು ಬೇಲೂರಿಗೆ ಹೋಗಿದ್ದೆ. ನನ್ನ ತಾಯಿಯ ತವರು ಅಲ್ಲಿಗೆ ಹತ್ತಿರ. ಬೇಸಿಗೆ ರಜೆಯೆಂದರೆ ಆ ಅಂಗಳದ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಕುಣಿಯುತ್ತ ಓಡಿದ್ದೇ ನನಗೆ ನೆನಪು. ಈ ಸಲ ಚೆನ್ನಕೇಶವನ ದೊಡ್ಡ ಗುಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಅದೇ ಅಂಗಳದಲ್ಲಿ, ದಕ್ಷಿಣಕ್ಕಿರುವ ಕಪ್ಪೆ ಚೆನ್ನಿಗರಾಯನ ಗುಡಿಯೊಳಗೆ ಹೊಕ್ಕಾಗ ಮಾತ್ರ ನಾವಿಬ್ಬರೇ. ಒಂದು ಗುಂಪು ಬಾಗಿಲ ತನಕ ಬಂತು. "ಇದೇ ಕಪ್ಪೆ ಗುಡಿ" ಎಂದು ಯಾರೋ ಹೇಳಿದರು, ಒಂದು ಫೋಟೊ ತೆಗೆದುಕೊಂಡು ಎಲ್ಲರೂ ಹಿಂದಿರುಗಿದರು. ಮನಸ್ಸಿಗೆ ಬಹಳ ಬೇಸರವಾಯಿತು.

ನಮ್ಮಜ್ಜಿ ಹೇಳುತ್ತಿದ್ದ ಕಥೆ ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತಿರುತ್ತದೆ. ಕ್ರೀಡಾಪುರದ ಜಕಣಾಚಾರಿ ಬಸುರಿ ಹೆಂಡತಿಯನ್ನು ಬಿಟ್ಟು, ಶಿಲ್ಪದ ಗೀಳು ಹತ್ತಿಸಿಕೊಂಡು ದೇಶಾಂತರ ಹೋದ. ಊರೂರು ಸುತ್ತಿ ಕೊನೆಗೆ ಬೇಲೂರಿನಲ್ಲಿ ನಿಂತ. ಇತ್ತ ಮಗ ಡಂಕಣಾಚಾರಿ ಬೆಳೆದು, ತಂದೆಯನ್ನು ಹುಡುಕುತ್ತ ಅಲ್ಲಿಗೇ ಬಂದ. ಇಬ್ಬರಿಗೂ ಒಬ್ಬರ ಗುರುತು ಇನ್ನೊಬ್ಬರಿಗಿಲ್ಲ. ಪ್ರತಿಷ್ಠೆಗೆ ಸಿದ್ಧವಾಗಿದ್ದ ಮೂರ್ತಿಯನ್ನು ನೋಡಿದ ಹುಡುಗ "ಈ ಕಲ್ಲಿನಲ್ಲಿ ದೋಷವಿದೆ" ಎಂದುಬಿಟ್ಟ. ದೋಷ ತೋರಿಸಿದರೆ ಬಲಗೈಯನ್ನೇ ಕಡಿದುಕೊಳ್ಳುತ್ತೇನೆ ಎಂದು ಜಕಣಾಚಾರಿ ಪಣ ತೊಟ್ಟ. ಮೂರ್ತಿಗೆ ಮುಡಿಯಿಂದ ಅಡಿಯವರೆಗೆ ಗಂಧ ಬಳಿದರು. ಎಲ್ಲ ಕಡೆ ಗಂಧ ಒಣಗಿತು, ಹೊಕ್ಕುಳ ಬಳಿ ಮಾತ್ರ ಒದ್ದೆ ಆರಲಿಲ್ಲ. ಹುಡುಗ ಅಲ್ಲಿ ಉಳಿಯಿಟ್ಟು ಒಂದು ಏಟು ಹಾಕಿದ. ನೀರು ಬಂತು, ಮರಳು ಬಂತು, ಜೊತೆಗೆ ಒಂದು ಕಪ್ಪೆ ಹೊರಗೆ ಹಾರಿತು. ಜಕಣಾಚಾರಿ ಕೈ ಕಡಿದುಕೊಂಡ. ಆಮೇಲೆ ತಂದೆ ಮಗನ ಗುರುತು ಹತ್ತಿತು. ಊರಿಗೆ ಹಿಂದಿರುಗಿ ಕೇಶವನ ಗುಡಿ ಕಟ್ಟಿದಾಗ ಹೋದ ಕೈ ಮರಳಿ ಬಂತು, ಕ್ರೀಡಾಪುರ ಕೈದಾಳವಾಯಿತು.

ಅಜ್ಜಿ ಗಂಧ ಒಣಗುವ ಜಾಗಕ್ಕೆ ಬಂದಾಗ ದನಿ ತಗ್ಗಿಸುತ್ತಿದ್ದಳು. ಒಂದೊಂದೇ ಅಂಗದ ಹೆಸರು ಹೇಳುತ್ತಿದ್ದಳು. ಹಣೆ ಒಣಗಿತು, ಎದೆ ಒಣಗಿತು, ತೋಳು ಒಣಗಿತು. ಕೈ ಕಡಿಯುವುದನ್ನು ಎರಡೇ ಮಾತಿನಲ್ಲಿ ಮುಗಿಸುತ್ತಿದ್ದವಳು ಈ ಒಣಗುವುದಕ್ಕೆ ಮಾತ್ರ ಅಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದಳು.

ಗರ್ಭಗುಡಿಯ ಕತ್ತಲೆಯಲ್ಲಿ ನನಗೆ ಹೊಕ್ಕುಳ ಭಾಗ ಸ್ಪಷ್ಟವಾಗಿ ಕಾಣಲಿಲ್ಲ. ಒಂಬತ್ತು ವರ್ಷದ ಮಗ ಹೊಸ್ತಿಲ ಬಳಿಯೇ ನಿಂತು ಕೇಳಿದ: "ಅಮ್ಮಾ, ಕಲ್ಲಿನೊಳಗೆ ಇದ್ದಾಗ ಕಪ್ಪೆ ಏನು ತಿನ್ನುತ್ತಿತ್ತು?" ನನ್ನ ಬಳಿ ಉತ್ತರವಿರಲಿಲ್ಲ. ಈ ಗುಡಿಯನ್ನು ಕಟ್ಟಿಸಿದವರು ಯಾರು, ಜಕಣಾಚಾರಿ ನಿಜವಾಗಿ ಇದ್ದನೇ, ಇಷ್ಟೆಲ್ಲ ಪ್ರಾಣಿಗಳಿರುವಾಗ ಕಪ್ಪೆಯೇ ಏಕೆ? ತಿಳಿದವರು ದಯವಿಟ್ಟು ಬರೆಯಿರಿ. ಅವನಿಗೆ ಸುಳ್ಳು ಹೇಳಲು ಮನಸ್ಸಿಲ್ಲ.

ನಿವೃತ್ತ ಮೇಷ್ಟ್ರು:

ತಂಗೀ, ಮೊದಲ ಪ್ರಶ್ನೆಗೆ ಕಲ್ಲೇ ಉತ್ತರ ಕೊಡುತ್ತದೆ. ಆ ಗುಡಿಯ ಮೂರ್ತಿಯ ಪೀಠದ ಮೇಲೆ ಶಾಸನವಿದೆ. ಚೆನ್ನಿಗರಾಯನನ್ನು ಪ್ರತಿಷ್ಠೆ ಮಾಡಿಸಿದವಳು ವಿಷ್ಣುವರ್ಧನನ ಪಟ್ಟದರಾಣಿ ಶಾಂತಲೆ. ಅರಸ 1117ರಲ್ಲಿ ದೊಡ್ಡ ಗುಡಿಯಲ್ಲಿ ಪ್ರತಿಷ್ಠಾಪಿಸಿದ ದೇವರಿಗೆ ಶಾಸನದಲ್ಲಿರುವ ಹೆಸರು ವಿಜಯನಾರಾಯಣ. ಅದರ ಪಕ್ಕದಲ್ಲೇ ರಾಣಿಯ ಗುಡಿ. ಗಮನಿಸಿ, ಶಾಂತಲೆ ಜಿನಭಕ್ತೆ. 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದವಳೂ ಅವಳೇ. ಜೈನಳಾದ ರಾಣಿ ಕೇಶವನನ್ನು ನಿಲ್ಲಿಸುತ್ತಾಳೆ, ಆರು ವರ್ಷದ ನಂತರ ಬಸದಿ ಕಟ್ಟಿಸುತ್ತಾಳೆ. ಆ ಕಾಲದ ಮನಸ್ಸು ಎಷ್ಟು ವಿಶಾಲವಾಗಿತ್ತು ಎಂದು ತರಗತಿಯಲ್ಲಿ ಹೇಳುವಾಗಲೆಲ್ಲ ನನಗೆ ಗಂಟಲು ಕಟ್ಟುತ್ತಿತ್ತು.

ನೀವು ನೋಡಿದ್ದು ಒಂದೇ ಗರ್ಭಗುಡಿಯಾದರೆ ಅರ್ಧ ಮಾತ್ರ ನೋಡಿದ್ದೀರಿ. ಅಲ್ಲಿ ಎರಡು ಗರ್ಭಗುಡಿಗಳಿವೆ, ಒಂದರಲ್ಲಿ ಚೆನ್ನಿಗರಾಯ, ಇನ್ನೊಂದರಲ್ಲಿ ವೇಣುಗೋಪಾಲ. ಗುಡಿ ಚಿಕ್ಕದು ಎನ್ನುವುದೂ ಪಕ್ಕದಲ್ಲಿ ದೊಡ್ಡದಿರುವುದರಿಂದ ಬರುವ ಮಾತು. ಚೆನ್ನಕೇಶವನ ಗುಡಿ 178 ಅಡಿ ಉದ್ದ, 156 ಅಡಿ ಅಗಲವಾದರೆ, ಇದು 124 ಅಡಿ ಉದ್ದ, 105 ಅಡಿ ಅಗಲ. ಬೇರೆ ಯಾವ ಊರಿನಲ್ಲಿದ್ದರೂ ಇದೇ ಆ ಊರಿನ ದೊಡ್ಡ ಗುಡಿಯಾಗುತ್ತಿತ್ತು. ದೊಡ್ಡ ಗುಡಿಯ ಹೊರಗೋಡೆಯಲ್ಲಿ ಕಣ್ಣಿಗೆ ಬಿಡುವಿಲ್ಲ. ಇಲ್ಲಿ ಗೋಡೆ ಸರಳ, ಆದ್ದರಿಂದ ಕಟ್ಟಡದ ಮೂಲೆಗಳು, ಮಡಿಕೆಗಳು ಚೆನ್ನಾಗಿ ಅರ್ಥವಾಗುತ್ತವೆ. ನಮ್ಮ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದಾಗ ನಾನು ಮೊದಲು ಇಲ್ಲಿಗೇ ಕರೆತರುತ್ತಿದ್ದೆ. ಇಲ್ಲಿ ಗೋಡೆ ಓದಲು ಕಲಿತ ಮಕ್ಕಳಿಗೆ ಅಲ್ಲಿನ ಗೋಡೆ ಸುಲಭವಾಗುತ್ತಿತ್ತು.

ಮೆಲ್ಬರ್ನ್ ಮನೆ:

ಜಕಣಾಚಾರಿ ಇದ್ದನೇ ಎಂದು ಕೇಳುವುದೇ ನನಗೆ ಆಶ್ಚರ್ಯ. ಬೇಲೂರು, ಹಳೇಬೀಡು, ಸೋಮನಾಥಪುರ ಮೂರನ್ನೂ ಕೆತ್ತಿದವನು ಅವನೇ ಎಂದು ನಮ್ಮ ತಂದೆ ಹೇಳುತ್ತಿದ್ದರು. ನಾನು ಇಲ್ಲಿ ಹುಟ್ಟಿದ ನನ್ನ ಮಕ್ಕಳಿಗೂ ಹಾಗೆಯೇ ಹೇಳಿದ್ದೇನೆ.

ನಿವೃತ್ತ ಮೇಷ್ಟ್ರು:

ತಮ್ಮ ತಂದೆಯವರ ಕಾಲದಲ್ಲಿ ಎಲ್ಲರೂ ಹಾಗೆಯೇ ಹೇಳುತ್ತಿದ್ದರು. ಕನ್ನಡದ ಮೊದಲ ಪೂರ್ಣ ಬಣ್ಣದ ಚಲನಚಿತ್ರವೂ ಇದೇ ಕಥೆಯದು. 1964ರಲ್ಲಿ ಅದನ್ನು ಟೆಂಟಿನಲ್ಲಿ ನೋಡಿ ಅತ್ತವರಲ್ಲಿ ನಾನೂ ಒಬ್ಬ. ಆದರೆ ಇಸವಿ ನೋಡಿ. ಬೇಲೂರಿನ ಪ್ರತಿಷ್ಠೆ 1117. ಹಳೇಬೀಡಿನ ಹೊಯ್ಸಳೇಶ್ವರದ ಕೆಲಸ ಶುರುವಾದದ್ದು 1121ರಲ್ಲಿ. ಸೋಮನಾಥಪುರದ ಕೇಶವನ ಪ್ರತಿಷ್ಠೆ 1258. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ 141 ವರ್ಷ. ಒಂದು ಆಯುಷ್ಯದಲ್ಲಿ ಆಗುವ ಮಾತಲ್ಲ. ಸೋಮನಾಥಪುರದಲ್ಲಿ ಮಲ್ಲಿತಮ್ಮ ಎಂಬ ಶಿಲ್ಪಿ ಮೂರ್ತಿಗಳ ಕೆಳಗೆ ತನ್ನ ಹೆಸರನ್ನು ಮತ್ತೆ ಮತ್ತೆ ಕೆತ್ತಿಟ್ಟಿದ್ದಾನೆ.

ಬೇಲೂರಿನಲ್ಲೂ ಹೆಸರುಗಳಿವೆ. ದಾಸೋಜ, ಚಾವಣ, ನಾಗೋಜ, ಚಿಕ್ಕಹಂಪ. ಜಕಣಾಚಾರಿಯ ರುಜು ಮಾತ್ರ ಅಲ್ಲಿಲ್ಲ. ಲಕ್ಕುಂಡಿಯಲ್ಲಿ ಕೇಳಿದರೂ ಜಕಣಾಚಾರಿ ಕಟ್ಟಿದ್ದು ಎನ್ನುತ್ತಾರೆ, ಮಲೆನಾಡಿನ ಒಳಗಿನ ಸಣ್ಣ ಗುಡಿಗೂ ಹಾಗೆಯೇ ಎನ್ನುತ್ತಾರೆ. ಅದು ಒಬ್ಬನ ಹೆಸರಲ್ಲ, "ದಕ್ಷಿಣಾಚಾರ್ಯ", ಅಂದರೆ ದಕ್ಷಿಣದ ಆಚಾರ್ಯರು, ಎಂಬ ಅರ್ಥದ ಒಂದು ಪರಂಪರೆಯ ಹೆಸರು, ಬಾಯಿಂದ ಬಾಯಿಗೆ ಬಂದು ಹೀಗಾಗಿದೆ ಎಂದು ಹೇಳುವ ವಿದ್ವಾಂಸರಿದ್ದಾರೆ. ನನಗೂ ಅದೇ ಸರಿ ಎನಿಸುತ್ತದೆ. ಚೆನ್ನಾಗಿ ಕೆತ್ತಿದ ಕಲ್ಲನ್ನೆಲ್ಲ ಜನ ಒಂದೇ ಹೆಸರಿಗೆ ಒಪ್ಪಿಸಿಬಿಟ್ಟರು. ಕಟ್ಟುಕಥೆಯಾದರೂ ಅದರ ಹಿಂದೆ ದೊಡ್ಡ ಗೌರವವಿದೆ.

ಗೂಳೂರಿನ ಸೊಸೆ:

ಮೇಷ್ಟ್ರೇ, ನಿಮ್ಮ ಮೇಲೆ ಗೌರವವಿಟ್ಟೇ ಬರೆಯುತ್ತಿದ್ದೇನೆ. "ಕಟ್ಟುಕಥೆ" ಎಂಬ ಒಂದು ಮಾತಿಗೆ ನನಗೆ ನೋವಾಯಿತು. ನಾನು ಮದುವೆಯಾಗಿ ಬಂದದ್ದು ಗೂಳೂರಿಗೆ, ಕೈದಾಳಕ್ಕೆ ನಡೆದು ಹೋಗುವಷ್ಟು ಹತ್ತಿರ. ತುಮಕೂರಿನಿಂದ ಕುಣಿಗಲ್ ರಸ್ತೆ ಹಿಡಿದರೆ ಸಿಗುವ ಊರು. ಗೂಳೂರಿನ ದೊಡ್ಡ ಗಣಪನನ್ನು ನೋಡಲು ಬರುವವರು ಹೆಚ್ಚು, ಅಲ್ಲಿಂದ ಮುಂದೆ ಕೈದಾಳದ ಚೆನ್ನಕೇಶವನ ತನಕ ಬರುವವರು ಕಡಿಮೆ. ನಮ್ಮತ್ತೆ ಕೈ ನೋವು ಬಂದಾಗ ಆ ದೇವರಿಗೇ ಹರಕೆ ಹೊರುತ್ತಿದ್ದರು. ಹೋದ ಕೈಯನ್ನು ಕೊಟ್ಟವನು ನೋವನ್ನು ತೆಗೆಯಲಾರನೇ ಎನ್ನುತ್ತಿದ್ದರು.

ನಮ್ಮೂರಲ್ಲಿ ಇದನ್ನು ಹೇಳುವ ಬಗೆಯೂ ಬೇರೆ. ಕಪ್ಪೆಗೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ತಂದೆ ಮಗ ಒಟ್ಟಿಗೆ ಊರಿಗೆ ನಡೆದು ಬಂದದ್ದು, ಬಾಗಿಲಲ್ಲಿ ಕಾಯುತ್ತಿದ್ದ ತಾಯಿ, ಎಡಗೈಯಲ್ಲಿ ಸುತ್ತಿಗೆ ಹಿಡಿಯಲು ಕಲಿತ ತಂದೆ, ಅವನಿಗಾಗಿ ಉಳಿ ಹಿಡಿದ ಮಗ. ನಮ್ಮತ್ತೆ ಇದನ್ನು ಹೇಳುವಾಗ ತನ್ನ ಎಡಗೈಯನ್ನು ಗಾಳಿಯಲ್ಲಿ ತಡವರಿಸುತ್ತ ತೋರಿಸುತ್ತಿದ್ದರು. ಮಗ ಉಳಿ ಹಿಡಿಯುತ್ತಾನೆ, ತಂದೆ ಹೊಡೆಯುತ್ತಾನೆ. ತಪ್ಪಿದರೆ ಮಗನ ಬೆರಳಿಗೆ ಏಟು.

ಇನ್ನೊಂದು ಪ್ರಶ್ನೆ. ಕಲ್ಲಿನಲ್ಲಿ ದೋಷವಿತ್ತು ಎಂದಾದರೆ ರಾಣಿ ಅದನ್ನು ಪ್ರತಿಷ್ಠೆ ಮಾಡಿಸಿದ್ದು ಹೇಗೆ? ಭಿನ್ನವಾದ ಮೂರ್ತಿಗೆ ಪೂಜೆಯಿಲ್ಲವಲ್ಲ.

ನಿವೃತ್ತ ಮೇಷ್ಟ್ರು:

ತಾಯೀ, ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. "ಐತಿಹ್ಯ" ಎಂದು ಬರೆಯಬೇಕಿತ್ತು. ಉಳಿ ಹಿಡಿಯುವ ಮಗನ ಆ ಚಿತ್ರವನ್ನು ನಾನು ಈ ವಯಸ್ಸಿನವರೆಗೆ ಕೇಳಿರಲಿಲ್ಲ. ಬರೆದಿಟ್ಟುಕೊಂಡೆ.

ನೀವು ಕೇಳಿದ ಪ್ರಶ್ನೆ ಈ ಚರ್ಚೆಯಲ್ಲೇ ಅತಿ ಮುಖ್ಯವಾದದ್ದು. ದೋಷ ಕಂಡ ಮೂರ್ತಿಯನ್ನು ಬದಿಗಿಟ್ಟು, ಬೇರೆ ಕಲ್ಲಿನಲ್ಲಿ ಮಾಡಿದ್ದನ್ನು ದೊಡ್ಡ ಗುಡಿಯಲ್ಲಿ ನಿಲ್ಲಿಸಿದರು ಎಂದು ಕಥೆ ಹೇಳುವವರಿದ್ದಾರೆ. ಶಾಸನಗಳು ಹಾಗೆ ಹೇಳುವುದಿಲ್ಲ. ಎರಡು ಪೀಠ, ಎರಡು ಶಾಸನ. ಒಂದರಲ್ಲಿ ಅರಸನ ಹೆಸರು, ಒಂದರಲ್ಲಿ ರಾಣಿಯ ಹೆಸರು. ರಾಣಿ ತನ್ನ ಹೆಸರನ್ನು ತಿರಸ್ಕೃತ ಮೂರ್ತಿಯ ಕೆಳಗೆ ಕೆತ್ತಿಸಿದಳು ಎಂದು ನಾನು ನಂಬಲಾರೆ. ಮೂರ್ತಿ ಪೂರ್ಣವಾಗಿ, ವಿಧಿವತ್ತಾಗಿ ನಿಂತಿತು. ಕಪ್ಪೆಯ ಹೆಸರು ಆಮೇಲೆ ಅಂಟಿಕೊಂಡದ್ದು.

ಕೈದಾಳದ ಶಾಸನದ ಮಾತೂ ಬರಲಿ. ಅಲ್ಲಿನ ಗುಡಿಗಳನ್ನು ಕಟ್ಟಿಸಿದವನು ಗೂಳಿಬಾಚಿ, ಹೊಯ್ಸಳ ಒಂದನೆಯ ನರಸಿಂಹನ ಸಾಮಂತ, ಕಾಲ ಸುಮಾರು 1150. ಚೆನ್ನಕೇಶವನ ಗುಡಿಯ ಕಂಬವೊಂದರಲ್ಲಿ ಕೈಮುಗಿದು ನಿಂತ ಪುರುಷನೊಬ್ಬನಿದ್ದಾನೆ. ಊರವರು ಅವನನ್ನು ಜಕಣಾಚಾರಿ ಎನ್ನುತ್ತಾರೆ, ಶಾಸನ ಓದಿದವರು ಗೂಳಿಬಾಚಿಯೇ ಇರಬೇಕು ಎನ್ನುತ್ತಾರೆ.

ಗೂಳೂರಿನ ಸೊಸೆ:

ಆ ಮೂರ್ತಿಯ ಎರಡೂ ಕೈ ಮುಗಿದಿವೆ ಮೇಷ್ಟ್ರೇ. ಕೈ ಮರಳಿ ಬಂದವನು ಮೊದಲು ಮಾಡುವ ಕೆಲಸ ಅದೇ ಅಲ್ಲವೇ? ನಾವು ಅವನನ್ನು ಜಕಣಾಚಾರಿ ಎಂದೇ ಕರೆಯುತ್ತೇವೆ.

ಭೂಪದರ:

ಭೂವಿಜ್ಞಾನ ಓದಿದವನು ನಾನು. ಹುಡುಗನ ಪ್ರಶ್ನೆಗೆ ನನ್ನ ಪಾಲಿನ ಉತ್ತರ.

ಹೊಯ್ಸಳರ ಗುಡಿಗಳ ಕಲ್ಲನ್ನು ನಾವು ಬಳಪದ ಕಲ್ಲು ಎನ್ನುತ್ತೇವೆ. ಹಿಂದೆ ಮಕ್ಕಳು ಸ್ಲೇಟಿನ ಮೇಲೆ ಬರೆಯುತ್ತಿದ್ದ ಬಳಪದ ಜಾತಿಯದೇ. ಕ್ಲೋರೈಟ್, ಟಾಲ್ಕ್ ಎಂಬ ಮೃದು ಖನಿಜಗಳಿಂದ ಕೂಡಿದ್ದು. ಮುಟ್ಟಿದರೆ ಸೋಪಿನಂತೆ ನುಣುಪು. ಗ್ರಾನೈಟಿನಲ್ಲಿ ಆಗದ ಕೆಲಸ ಇದರಲ್ಲಿ ಆಗುತ್ತದೆ. ಕಂಬವನ್ನು ತಿರುಗಣೆಗೆ ಕೊಟ್ಟು ಬಳೆಬಳೆಯಾಗಿ ಕಡೆಯಬಹುದು, ಮದನಿಕೆಯ, ಅಂದರೆ ಸೂರಿನ ಕೆಳಗಿನ ಸುಂದರಿಯ ಶಿಲ್ಪದ, ಕೊರಳ ಸರವನ್ನು ಕೊರಳಿಗೆ ಅಂಟದಂತೆ ಬಿಡಿಸಬಹುದು. ಈ ಕಲ್ಲು ನೆಲದಾಳದಲ್ಲಿ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ರೂಪಾಂತರಗೊಂಡದ್ದು. ಕರ್ನಾಟಕದ ಇಂಥ ಶಿಲೆಗಳ ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಆಗ ಭೂಮಿಯ ಮೇಲೆ ಕಪ್ಪೆ ಇರಲಿಲ್ಲ, ಕಪ್ಪೆ ತಿನ್ನುವ ಹುಳುವೂ ಇರಲಿಲ್ಲ. ಆದ್ದರಿಂದ ಕಲ್ಲು ಹುಟ್ಟುವಾಗ ಒಳಗೆ ಸಿಕ್ಕಿಕೊಂಡ ಕಪ್ಪೆ ಎಂಬುದು ಸಾಧ್ಯವಿಲ್ಲ.

ಆದರೆ ಕಲ್ಲಿನಲ್ಲಿ ಪದರವಿದೆ, ಪದರದ ನಡುವೆ ಸಂದು ಬೀಳುತ್ತದೆ, ಮೆತ್ತಗಿನ ಭಾಗ ಕರಗಿ ಪೊಳ್ಳಾಗುತ್ತದೆ, ಅಲ್ಲಿ ನೀರು ನಿಲ್ಲುತ್ತದೆ. ಕಿತ್ತು ತಂದ ಬಂಡೆ ಬಯಲಿನಲ್ಲಿ ಎರಡು ಮಳೆಗಾಲ ಬಿದ್ದಿದ್ದರೆ ಅಂಥ ಸಂದಿನಲ್ಲಿ ಸಣ್ಣ ಕಪ್ಪೆ ಹೊಕ್ಕು ಕೂರುವುದು ನಾನು ಗಣಿಗಳಲ್ಲಿ ಕಣ್ಣಾರೆ ಕಂಡದ್ದು. ಹೊರಗಿನಿಂದ ನೋಡಿದರೆ ಸಂದು ಬೆರಳಷ್ಟೂ ಇರುವುದಿಲ್ಲ. ಮಗನಿಗೆ ಹೀಗೆ ಹೇಳಿ: ಕಪ್ಪೆ ಕಲ್ಲಿನೊಳಗೆ ಹುಟ್ಟುವುದಿಲ್ಲ, ಬಿರುಕು ಹುಡುಕಿಕೊಂಡು ಬರುತ್ತದೆ.

ಉಳಿ ಸುತ್ತಿಗೆ:

ಎರಡು ದಿನದಿಂದ ಓದುತ್ತಿದ್ದೇನೆ. ನಾನು ಮಾಲೂರು ತಾಲ್ಲೂಕಿನ ಶಿವಾರಪಟ್ಟಣದವನು, ಮೂರ್ತಿ ಕೆತ್ತುವುದೇ ಮನೆಯ ಕಸುಬು. ನಾವು ಹೆಚ್ಚಾಗಿ ಕೃಷ್ಣಶಿಲೆಯಲ್ಲಿ ಕೆಲಸ ಮಾಡುತ್ತೇವೆ. ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ತಿದ್ದಿಕೊಳ್ಳಿ.

ಅಕ್ಕ, ನಿಮ್ಮ ಅಜ್ಜಿ ದನಿ ತಗ್ಗಿಸುತ್ತಿದ್ದ ಜಾಗವೇ ಕಥೆಯ ಜೀವ. ಉಳಿದದ್ದನ್ನೆಲ್ಲ ಯಾರು ಬೇಕಾದರೂ ಸೇರಿಸಬಹುದು. ಗಂಧ ಒಣಗುವ ಮಾತನ್ನು ಮಾತ್ರ ಕಲ್ಲಿನ ಕೆಲಸ ಬಲ್ಲವರೇ ಹೇಳಿರಬೇಕು.

ಕಲ್ಲು ಬಂದ ಕೂಡಲೇ ನಾವು ಮಾಡುವುದು ಎರಡು ಪರೀಕ್ಷೆ. ಮೊದಲನೆಯದು ನಾದ. ಸುತ್ತಿಗೆಯಿಂದ ತಲೆಯಿಂದ ಬುಡದವರೆಗೆ ಮೆಲ್ಲಗೆ ತಟ್ಟುತ್ತ ಹೋಗಬೇಕು. ಗಂಟೆಯ ಹಾಗೆ ನಾದ ಬಂದರೆ ಗಂಡು ಕಲ್ಲು, ತಾಳದ ಹಾಗೆ ಬಂದರೆ ಹೆಣ್ಣು ಕಲ್ಲು, ಸತ್ತ ಸದ್ದು ಬಂದರೆ ನಪುಂಸಕ ಎಂದು ಹಿರಿಯರ ಲೆಕ್ಕ. ಗಂಡು ಕಲ್ಲು ದೇವರಿಗೆ, ಹೆಣ್ಣು ಕಲ್ಲು ದೇವಿಗೆ ಮತ್ತು ಪೀಠಕ್ಕೆ, ಮೂರನೆಯದು ಅಡಿಪಾಯಕ್ಕೆ. ಎಲ್ಲ ಕಡೆ ಒಂದೇ ನಾದವಿದ್ದು ಒಂದು ಕಡೆ ಮಾತ್ರ ಸದ್ದು ಕುಗ್ಗಿದರೆ ಅಲ್ಲಿ ಒಳಗೆ ಏನೋ ಇದೆ ಎಂದು ಅರ್ಥ.

ಎರಡನೆಯದು ನೀರು. ಕಲ್ಲಿನ ಮೇಲೆ ಬಿಂದಿಗೆಗಟ್ಟಲೆ ನೀರು ಸುರಿದು ನೆರಳಿನಲ್ಲಿ ಬಿಟ್ಟು ಕಾಯಬೇಕು. ಮೈಯೆಲ್ಲ ಒಣಗಿ ಬೂದು ಬಣ್ಣಕ್ಕೆ ತಿರುಗುತ್ತದೆ. ಬಿರುಕಿದ್ದ ಕಡೆ ನೀರು ಒಳಗೆ ಇಳಿದಿರುತ್ತದೆ, ಆದ್ದರಿಂದ ಅಲ್ಲಿ ಒಂದು ಕಪ್ಪು ಎಳೆ ಉಳಿದುಕೊಳ್ಳುತ್ತದೆ. ಕೂದಲಿಗಿಂತ ಸಣ್ಣದು. ಒಣ ಕಲ್ಲಿನಲ್ಲಿ ಭೂತಗನ್ನಡಿ ಹಿಡಿದರೂ ಕಾಣದು, ಒದ್ದೆ ಆರುವಾಗ ಅದಾಗಿಯೇ ತೋರಿಸಿಕೊಳ್ಳುತ್ತದೆ. ಡಂಕಣಾಚಾರಿ ಮಾಡಿದ್ದು ಇದನ್ನೇ. ಮುಗಿದ ಮೂರ್ತಿಯ ಮೇಲೆ ನೀರು ಹರಿದು ಹೋಗುತ್ತದೆ, ನಿಲ್ಲುವುದಿಲ್ಲ. ಗಂಧವಾದರೆ ಅಂಟಿಕೊಂಡು ನಿಲ್ಲುತ್ತದೆ, ಬೆಳ್ಳಗೆ ಒಣಗುತ್ತದೆ, ಒದ್ದೆ ಇರುವ ಕಡೆ ಬಣ್ಣ ಬೇರೆಯೇ ಕಾಣುತ್ತದೆ. ಕಥೆ ಕಟ್ಟಿದವರು ಸುಮ್ಮನೆ ಗಂಧ ಎಂದಿಲ್ಲ.

ನನಗೆ ಇಪ್ಪತ್ತೆರಡು ವರ್ಷವಾಗಿದ್ದಾಗ ಮೂರು ಅಡಿಯ ಗಣಪತಿಯೊಂದನ್ನು ಒಬ್ಬನೇ ಒಪ್ಪಿಕೊಂಡೆ. ಬೇಗ ಮುಗಿಸುವ ಆತುರದಲ್ಲಿ ನೀರು ಹಾಕಿ ನೋಡಲಿಲ್ಲ. ನಾಲ್ಕು ತಿಂಗಳ ಕೆಲಸ. ಸೊಂಡಿಲಿನ ತುದಿಯಲ್ಲಿ ಮೋದಕ ಬಿಡಿಸುತ್ತಿದ್ದೆ, ಕೈಯಲ್ಲಿದ್ದದ್ದು ಅತಿ ಸಣ್ಣ ಉಳಿ. ಟಕ್ ಎಂಬ ಸದ್ದು ಬೇರೆಯಾಗಿ ಕೇಳಿಸಿತು. ಕಿವಿಗೆ ಮೊದಲು ಗೊತ್ತಾಯಿತು, ಕಣ್ಣಿಗೆ ಆಮೇಲೆ. ಸೊಂಡಿಲು ಮಡಿಲಿಗೆ ಬಿತ್ತು. ಅಪ್ಪ ಎದ್ದು ಬಂದು ಮುರಿದ ಮುಖದ ಮೇಲೆ ಬೆರಳು ಉಗುಳಿನಲ್ಲಿ ಅದ್ದಿ ಎಳೆದು ತೋರಿಸಿದರು. ತುಕ್ಕಿನ ಬಣ್ಣದ ಒಂದು ಪದರ, ಕಾಗದದಷ್ಟು ದಪ್ಪ. "ಇದು ಮೊದಲ ದಿನವೇ ಇತ್ತು" ಎಂದರು, ಅಷ್ಟೇ. ಆ ತಿಂಗಳು ಮನೆಯಲ್ಲಿ ಆ ಮಾತು ಮತ್ತೆ ಬರಲಿಲ್ಲ. ಆದ್ದರಿಂದ ನಮ್ಮ ಶೆಡ್ಡಿನಲ್ಲಿ ಈ ಕಥೆ ಹೇಳುವಾಗ ಕೈ ಕಡಿದದ್ದನ್ನು ಹೇಳುವುದಿಲ್ಲ, ಗಂಧ ಬಳಿದದ್ದನ್ನು ಮಾತ್ರ ಹೇಳುತ್ತೇವೆ. ಹೊಸದಾಗಿ ಬಂದ ಹುಡುಗರಿಗೆ ಅಷ್ಟು ಸಾಕು.

ಒಳಗೆ ಏನಾದರೂ ಇರುವ ಕಲ್ಲಿಗೆ ಗರ್ಭವಿರುವ ಕಲ್ಲು ಎಂದು ಹಿರಿಯರು ಹೇಳುತ್ತಿದ್ದರು. ಯಾವ ಬಣ್ಣದ ಕಲೆ ಕಂಡರೆ ಒಳಗೆ ಏನಿದೆ ಎಂದು ಶ್ಲೋಕವೂ ಇದೆಯಂತೆ. ಅಪ್ಪನಿಗೆ ಬರುತ್ತಿತ್ತು, ನಾನು ಕಲಿಯಲಿಲ್ಲ. ಮೇಷ್ಟ್ರಿಗೆ ಗೊತ್ತಿರಬಹುದು.

ನಿವೃತ್ತ ಮೇಷ್ಟ್ರು:

ಅಪ್ಪಾ, ನಿಮ್ಮ ಬರಹ ಓದಿ ಕಪಾಟು ತೆಗೆದೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿದೆ, ಆರನೆಯ ಶತಮಾನದ್ದು. ಅಲ್ಲಿ ಮಾತು ಮರದ ಬಗ್ಗೆ. ಕಡಿದ ಮರದಲ್ಲಿ ದುಂಡನೆಯ ಕಲೆ, ಅಂದರೆ ಮಂಡಲ, ಕಂಡರೆ ಅದರ ಬಣ್ಣ ನೋಡಬೇಕು. ಹಳದಿಯಾದರೆ ಒಳಗೆ ಉಡ. ಮಂಜಿಷ್ಠದ ಬಣ್ಣವಾದರೆ ಕಪ್ಪೆ. ನೀಲಿಯಾದರೆ ಹಾವು. ಕಪಿಲ, ಅಂದರೆ ಕಂದು ಬಣ್ಣವಾದರೆ ಇಲಿ. ಕತ್ತಿಯ ಬಣ್ಣವಾದರೆ ನೀರು. ಶಿಲ್ಪಶಾಸ್ತ್ರದವರು ಮಂಡಲದ ಈ ಪರೀಕ್ಷೆಯನ್ನು ಕಲ್ಲಿಗೂ ಹೇಳುತ್ತಾರೆ, ಅಂಥ ಗರ್ಭವಿರುವ ಶಿಲೆಯನ್ನು ಮೂರ್ತಿಗೆ ಬಿಡಬೇಕು ಎನ್ನುತ್ತಾರೆ.

ಅಂದರೆ ಬೇಲೂರು ಕಟ್ಟುವುದಕ್ಕೆ ಐನೂರು ವರ್ಷ ಮೊದಲೇ ಕಪ್ಪೆ ಕಸುಬಿನವರ ಬಾಯಲ್ಲಿತ್ತು! ಇಷ್ಟು ವರ್ಷ ನಾನು ಕಪ್ಪೆಯನ್ನು ಹಳ್ಳಿಗರ ಕಲ್ಪನೆ ಎಂದು ಮಕ್ಕಳಿಗೆ ಪಾಠ ಹೇಳಿದ್ದೇನೆ. ಅದು ಕಲ್ಪನೆಯಲ್ಲ, ಶಿಲ್ಪಿಗಳ ಪರಿಭಾಷೆ. ಕೆಂಪು ಛಾಯೆಯ ಕಲೆ ಇದ್ದರೆ "ಇದರೊಳಗೆ ಕಪ್ಪೆ ಇದೆ" ಎಂದು ಅವರು ಹೇಳಿಕೊಳ್ಳುತ್ತಿದ್ದರು. ಕೇಳಿದ ಊರಿನವರು ಕಪ್ಪೆಯನ್ನೇ ಕಂಡರು ಎಂದು ಈಗ ನನಗೆ ತೋರುತ್ತದೆ. ತಂಗೀ, ನಿಮ್ಮ "ಕಪ್ಪೆಯೇ ಏಕೆ" ಎಂಬ ಪ್ರಶ್ನೆಗೆ ಉತ್ತರ ಬಂದದ್ದು ನನ್ನಿಂದಲ್ಲ, ಶಿವಾರಪಟ್ಟಣದಿಂದ.

ಭೂಪದರ:

ಮಂಜಿಷ್ಠದ ಬಣ್ಣ ಎಂದರೆ ಇಟ್ಟಿಗೆಗಿಂತ ಗಾಢವಾದ ಕೆಂಪು. ಕಲ್ಲಿನಲ್ಲಿ ಅಂಥ ಬಣ್ಣ ಬರುವುದು ಸಾಮಾನ್ಯವಾಗಿ ಕಬ್ಬಿಣದಿಂದ. ನೀರು ಸಂದಿನಲ್ಲಿ ಓಡಾಡಿದ ಕಡೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಗಣಪತಿಯ ಸೊಂಡಿಲಿನಲ್ಲಿ ಕಂಡ ತುಕ್ಕಿನ ಪದರವೂ ಅದೇ ಇರಬೇಕು. ಕೆಂಪು ಕಲೆ, ನೀರು, ಬಿರುಕು, ಬಿರುಕಿನಲ್ಲಿ ಕಪ್ಪೆ. ಆ ಶ್ಲೋಕವನ್ನು ನಾನು ತಳ್ಳಿಹಾಕಲಾರೆ.

ಮಲೆನಾಡಿನ ಮಳೆ:

ಐತಿಹ್ಯದ ಮಾತು ಬಂದಿದೆ, ಬೇಲೂರಿನ ಚಪ್ಪಲಿಯ ಕಥೆಯನ್ನು ಯಾರೂ ಎತ್ತಿಲ್ಲವಲ್ಲ? ಚೆನ್ನಕೇಶವನ ದೇವಿ ಬಾಬಾಬುಡನ್ ಗಿರಿಯಲ್ಲಿ ಉಳಿದುಕೊಂಡಳಂತೆ. ಅವಳನ್ನು ನೋಡಲು ಸ್ವಾಮಿ ಆಗಾಗ ಬೆಟ್ಟಕ್ಕೆ ನಡೆದು ಹೋಗುತ್ತಾನೆ. ನಡೆದು ನಡೆದು ಚಪ್ಪಲಿ ಸವೆದಾಗ ಚನ್ನಗಿರಿ, ಬಸವಾಪಟ್ಟಣದ ಚಮ್ಮಾರರ ಕನಸಿನಲ್ಲಿ ಬಂದು ಹೇಳುತ್ತಾನೆ. ಅವರು ದೊಡ್ಡ ಚಪ್ಪಲಿ ಹೊಲಿದು ತಂದು ಒಪ್ಪಿಸಬೇಕು. ಅದನ್ನು ಕೊಡಲು ಅವರಿಗೆ ಗುಡಿಯ ಅಂಗಳಕ್ಕೆ ಪ್ರವೇಶ ಇತ್ತು ಎಂದು 19ನೆಯ ಶತಮಾನದಲ್ಲೇ ಶಾಸನ ವಿದ್ವಾಂಸ ಬಿ. ಎಲ್. ರೈಸ್ ಬರೆದಿಟ್ಟಿದ್ದಾರೆ. ಅಂಗಳಕ್ಕೇ ಬಿಡದಿದ್ದ ಕಾಲದಲ್ಲಿ ದೇವರೇ ಅವರನ್ನು ಹೆಸರು ಹಿಡಿದು ಕರೆಸಿಕೊಂಡ ಕಥೆ ಅದು. ನನ್ನ ಪಾಲಿಗೆ ಬೇಲೂರಿನ ಕಥೆಗಳಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು.

ಯಗಚಿ ತೀರದವಳು:

ಎಲ್ಲರಿಗೂ ಹೇಗೆ ಕೃತಜ್ಞತೆ ಹೇಳಲಿ? ಚಪ್ಪಲಿಯ ಕಥೆ ಅಜ್ಜಿಗೂ ಗೊತ್ತಿತ್ತು, ನಾನು ಮರೆತಿದ್ದೆ. ಕಪ್ಪೆಯ ಕಥೆಯಲ್ಲಿ ಕಲ್ಲು ಬಲ್ಲವರು, ಈ ಕಥೆಯ ತುಂಬ ತೊಗಲು ಬಲ್ಲವರು.

ಮೇಷ್ಟ್ರೇ, ದಾಸೋಜ, ಚಾವಣ ಎಂದಿರಲ್ಲ, ಅವರ ಬಗ್ಗೆ ಇನ್ನಷ್ಟು ಬರೆಯುವಿರಾ? ನಾನು ಆ ಗುಡಿಗೆ ನೂರು ಸಲ ಹೋಗಿದ್ದರೂ ಆ ಹೆಸರುಗಳನ್ನು ಯಾರೂ ನನಗೆ ತೋರಿಸಿಲ್ಲ.

ನಿವೃತ್ತ ಮೇಷ್ಟ್ರು:

ಸಂತೋಷದಿಂದ. ದೊಡ್ಡ ಗುಡಿಯ ಸೂರಿನ ಕೆಳಗೆ, ಕಂಬದ ತಲೆಯಿಂದ ಓರೆಯಾಗಿ ಚಾಚಿದ ಮದನಿಕೆಯರು ಒಟ್ಟು 42. ಹೊರಗೆ 38, ಒಳಗೆ ನವರಂಗದಲ್ಲಿ, ಅಂದರೆ ಗರ್ಭಗುಡಿಯ ಮುಂದಿನ ಮಂಟಪದಲ್ಲಿ, ನಾಲ್ಕು. ಜನ ಕನ್ನಡಿ ಹಿಡಿದವಳನ್ನು ನೋಡಲು ಕತ್ತೆತ್ತುತ್ತಾರೆ, ಪೀಠದ ಕಡೆಗೆ ಕಣ್ಣು ಇಳಿಸುವುದಿಲ್ಲ. ಹಲವು ಮದನಿಕೆಯರ ಪೀಠದಲ್ಲಿ ಹಳಗನ್ನಡದ ಸಣ್ಣ ಅಕ್ಷರಗಳಿವೆ. ಮಾಡಿದವನ ಹೆಸರು, ಅವನ ಊರು, ಅವನ ತಂದೆಯ ಹೆಸರು, ಅವನ ಬಿರುದು. ದಾಸೋಜ ಬಳ್ಳಿಗಾವೆಯವನು, ಈಗಿನ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅದು ದೊಡ್ಡ ಪಟ್ಟಣ, ಶಿಲ್ಪಿಗಳ ನೆಲೆ. ಅಲ್ಲಿಂದ ಹೊಯ್ಸಳರ ಕೆಲಸಕ್ಕೆ ಬಂದವನು.

ಶಿಲ್ಪಿಗೆ ಆ ಶಾಸನಗಳಲ್ಲಿರುವ ಮಾತು "ರೂವಾರಿ". ರೂಪ ಮಾಡುವವನು. ಇವತ್ತಿಗೂ ಪತ್ರಿಕೆಗಳಲ್ಲಿ "ಯೋಜನೆಯ ರೂವಾರಿ" ಎಂದು ಓದುತ್ತೇವಲ್ಲ, ಅದೇ ಮಾತು. ಇವರ ಬಿರುದುಗಳಲ್ಲಿ ಸಂಕೋಚವಿಲ್ಲ. ಬಿರುದು ಹೊತ್ತ ರೂವಾರಿಗಳೆಂಬ ಮನ್ಮಥನಿಗೆ ತಾನು ಶಿವ ಎಂಬ ಅರ್ಥದ ಬಿರುದು ಚಾವಣನದು. ಎದುರಾಳಿಗಳನ್ನು ಕಣ್ಣುಬಿಟ್ಟು ಸುಟ್ಟುಬಿಡುವವನು!

ಈಗ ಮುಖ್ಯ ಮಾತು. ಚಾವಣ ದಾಸೋಜನ ಮಗ. ದಾಸೋಜನ ರುಜು ಇರುವ ಮದನಿಕೆಯರು ನಾಲ್ಕು, ಚಾವಣನ ರುಜು ಇರುವವು ಐದು.

ಯಗಚಿ ತೀರದವಳು:

ತಂದೆಯದು ನಾಲ್ಕು, ಮಗನದು ಐದು. ಓದಿ ಮೈ ಜುಮ್ಮೆಂದಿತು. ಅಂದರೆ ಬೇಲೂರಿನಲ್ಲಿ ಒಂದೇ ಸೂರಿನ ಕೆಳಗೆ ಕೆಲಸ ಮಾಡಿದ ತಂದೆ ಮಗ ನಿಜವಾಗಿಯೂ ಇದ್ದರು, ಮಗ ತಂದೆಗಿಂತ ಒಂದು ಹೆಚ್ಚೇ ಕೆತ್ತಿದ. ಅವರೇ ಜಕಣ, ಡಂಕಣ ಎಂದು ನಾನು ಹೇಳುತ್ತಿಲ್ಲ. ಆದರೆ ಇನ್ನು ಮೇಲೆ ಅಜ್ಜಿಯ ಕಥೆ ಹೇಳಿದ ಮೇಲೆ ಈ ಎರಡು ಹೆಸರುಗಳನ್ನೂ ಮಗನಿಗೆ ಹೇಳುತ್ತೇನೆ. ಒಂದಕ್ಕೆ ಇನ್ನೊಂದನ್ನು ಬಿಡಬೇಕಾಗಿಲ್ಲ.

ಗೂಳೂರಿನ ಸೊಸೆ:

ಅಕ್ಕ, ನಮ್ಮೂರಿಗೂ ಕರೆದುಕೊಂಡು ಬನ್ನಿ. ಜನವರಿ 1ರಂದು ಸರ್ಕಾರ ಜಕಣಾಚಾರಿ ಸಂಸ್ಮರಣೆ ಮಾಡುತ್ತದೆ, ಆ ದಿನವೇ ಬಂದರೆ ಇನ್ನೂ ಒಳ್ಳೆಯದು. ಊಟಕ್ಕೆ ನಮ್ಮ ಮನೆಯಿದೆ.

ಮೆಲ್ಬರ್ನ್ ಮನೆ:

ನಿನ್ನೆ ರಾತ್ರಿ ಮಕ್ಕಳನ್ನು ಕೂರಿಸಿಕೊಂಡು ಹಿಂದೆ ಹೇಳಿದ್ದನ್ನು ತಿದ್ದಿ ಹೇಳಿದೆ. ಮಗಳು ಮಲ್ಲಿತಮ್ಮ ಎಂದರೆ ಹೆಂಗಸೇ ಎಂದು ಕೇಳಿದಳು. ಗಂಡಸು ಎಂದೆ. ಡಿಸೆಂಬರಿನಲ್ಲಿ ಊರಿಗೆ ಬರುತ್ತೇವೆ. ಸೋಮನಾಥಪುರದಲ್ಲಿ ಅವನ ಹೆಸರು ಎಲ್ಲೆಲ್ಲಿದೆ ಎಂದು ಹುಡುಕುವ ಕೆಲಸವನ್ನು ಅವಳೇ ವಹಿಸಿಕೊಂಡಿದ್ದಾಳೆ.

ಯಗಚಿ ತೀರದವಳು:

ಇನ್ನೊಂದು ವಿಷಯ ಬರೆದು ಮುಗಿಸುತ್ತೇನೆ. ಉಳಿ ಸುತ್ತಿಗೆಯವರು ಬರೆದ ನೀರಿನ ಪರೀಕ್ಷೆಯನ್ನು ಮಗನಿಗೆ ಓದಿ ಹೇಳಿದೆ. ಈ ಶನಿವಾರ ಅಮ್ಮನ ಊರಿಗೆ ಹೋಗಿದ್ದೆವು. ಹಿತ್ತಲಿನಲ್ಲಿ ಅಜ್ಜಿಯ ಕಾಲದ ಒರಳು ಕಲ್ಲು ಮೂಲೆ ಸೇರಿದೆ. ಮಗ ಎರಡು ತಂಬಿಗೆ ನೀರು ಸುರಿದು, ಹಲಸಿನ ಮರದ ನೆರಳಿನಲ್ಲಿ ಅದರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ. ತಿಂಡಿಗೆ ಕರೆದರೂ ಏಳಲಿಲ್ಲ. ಮುಕ್ಕಾಲು ಗಂಟೆಯ ಮೇಲೆ "ಅಮ್ಮಾ, ಬಂತು!" ಎಂದು ಕೂಗಿದ. ಓಡಿ ಹೋಗಿ ನೋಡಿದೆ. ಕಲ್ಲೆಲ್ಲ ಬಿಳಿಚಿಕೊಂಡಿತ್ತು. ಬಾಯಿಯ ಅಂಚಿನಿಂದ ಕೆಳಗೆ ಸುಮಾರು ಒಂದು ಗೇಣು ಉದ್ದ, ಸ್ವಲ್ಪ ಓರೆಯಾಗಿ, ಕಪ್ಪು ಎಳೆಯೊಂದು ಉಳಿದಿತ್ತು. ಬೆರಳು ಆಡಿಸಿದರೆ ಏನೂ ತಗಲುತ್ತಿರಲಿಲ್ಲ.

ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ನೋಡಿದರು. "ಅದಕ್ಕೇ ಅಜ್ಜಿ ಆ ಕಡೆಗೆ ಒತ್ತಿ ರುಬ್ಬಬೇಡ ಎಂದು ನನ್ನನ್ನು ಬಯ್ಯುತ್ತಿದ್ದಳು" ಎಂದರು.